ಒಂದು ಎಂಜಿನ್ ನಿಂತರೆ ವಿಮಾನ ಏನಾಗುತ್ತದೆ?



ತೊಗರಿ ರಾಶಿಯ ಕಾಲದಲ್ಲಿ ಮುಧೋಳದ ಸುತ್ತಮುತ್ತಲಿನ ಹೊಲಗಳಿಂದ ಎತ್ತಿನ ಬಂಡಿ ಬರುವುದನ್ನು ನೀವು ನೋಡಿರುತ್ತೀರಿ. ಬಂಡಿಗೆ ಎರಡು ಎತ್ತು. ಎರಡೂ ಸಮನಾಗಿ ಎಳೆದರೆ ಬಂಡಿ ನೇರವಾಗಿ ಹೋಗುತ್ತದೆ. ಎಡಗಡೆಯ ಎತ್ತು ದಣಿದು ಎಳೆಯುವುದನ್ನು ಬಿಟ್ಟಿತು ಎಂದುಕೊಳ್ಳಿ. ಬಲಗಡೆಯದು ಮಾತ್ರ ಎಳೆಯುತ್ತಿದೆ. ಆಗ ಬಂಡಿ ಯಾವ ಕಡೆಗೆ ತಿರುಗುತ್ತದೆ?

ಎಡಕ್ಕೆ ತಿರುಗುತ್ತದೆ. ಎಳೆಯದ ಎತ್ತು ಯಾವ ಕಡೆ ಇದೆಯೋ ಆ ಕಡೆಗೆ! ಬಂಡಿ ಹೊಡೆಯುವವರು ಕೂಡಲೇ ಹಗ್ಗ ಜಗ್ಗಿ ಬಂಡಿಯನ್ನು ದಾರಿಗೆ ತರುತ್ತಾರೆ.

ಈಗ ಆಕಾಶದ ಕಡೆ ನೋಡೋಣ. ಪ್ರಯಾಣಿಕರ ವಿಮಾನಗಳಲ್ಲಿ ಹೆಚ್ಚಿನವುಗಳಿಗೆ ಎರಡು ಎಂಜಿನ್ ಇರುತ್ತವೆ. ಹಾರುತ್ತಿರುವಾಗ ಅವುಗಳಲ್ಲಿ ಒಂದು ಕೆಟ್ಟು ನಿಂತರೆ ಏನಾಗುತ್ತದೆ? ವಿಮಾನ ಕಲ್ಲಿನಂತೆ ಕೆಳಗೆ ಬೀಳುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ನಿಜವಲ್ಲ. ಒಂದೇ ಎಂಜಿನ್‌ನಿಂದ ವಿಮಾನ ಹಾರಬಲ್ಲದು, ಮೇಲಕ್ಕೆ ಏರಬಲ್ಲದು, ಸುರಕ್ಷಿತವಾಗಿ ಇಳಿಯಬಲ್ಲದು. ಆದರೆ ಬಂಡಿಗೆ ಆದದ್ದೇ ಅದಕ್ಕೂ ಆಗುತ್ತದೆ. ಅದು ಒಂದು ಕಡೆಗೆ ತಿರುಗತೊಡಗುತ್ತದೆ. ಅದನ್ನು ತಡೆಯುವುದು ಪೈಲಟ್‌ಗಳ ಮೊದಲ ಕೆಲಸ. ಈ ಕೆಲಸದಲ್ಲಿ ಅವರಿಗೆ ಸಹಾಯ ಮಾಡುವ ಯಂತ್ರಗಳ ಕಥೆಯೇ ಈ ಪಾಠ.

ಹಳಿಯಿಲ್ಲದ ದಾರಿ

ವಾಡಿ ಜಂಕ್ಷನ್ನಿನಲ್ಲಿ ಕೆಲವು ಗೂಡ್ಸ್ ಗಾಡಿಗಳಿಗೆ ಎರಡು ಎಂಜಿನ್ ಜೋಡಿಸಿರುತ್ತಾರೆ. ಅವು ಒಂದರ ಹಿಂದೆ ಒಂದು ಇರುತ್ತವೆ. ಒಂದು ಎಂಜಿನ್ ಕೆಟ್ಟರೆ ಗಾಡಿಯ ವೇಗ ತಗ್ಗಬಹುದು. ಆದರೆ ಅದು ಪಕ್ಕಕ್ಕೆ ತಿರುಗುವುದಿಲ್ಲ. ಏಕೆಂದರೆ ಅದನ್ನು ಹಳಿಗಳು ಹಿಡಿದಿರುತ್ತವೆ.

ವಿಮಾನಕ್ಕೆ ಹಳಿಯಿಲ್ಲ. ಅದರ ಎಂಜಿನ್‌ಗಳು ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಇರುತ್ತವೆ. ಎರಡರ ನೂಕುಬಲ ಸಮನಾಗಿದ್ದರೆ ವಿಮಾನ ನೇರ ಹೋಗುತ್ತದೆ. ಎಡದ್ದು ನಿಂತರೆ ಬಲಗಡೆಯ ನೂಕುಬಲ ವಿಮಾನದ ಮೂತಿಯನ್ನು ಎಡಕ್ಕೆ ತಿರುಗಿಸುತ್ತದೆ. ಇದನ್ನು ನೀವೇ ಮಾಡಿ ನೋಡಬಹುದು.

ಚಟುವಟಿಕೆ 1: ಪಾಟಿಯ ವಿಮಾನ

ಬೇಕಾಗುವ ವಸ್ತುಗಳು: ಒಂದು ಪಾಟಿ ಅಥವಾ ರಟ್ಟಿನ ಹೊದಿಕೆಯ ಪುಸ್ತಕ, ನುಣುಪಾದ ನೆಲ. ನಿಮ್ಮ ಶಾಲೆಗೆ ಶಹಾಬಾದ ಕಲ್ಲು ಹಾಸಿದ್ದರೆ ಅದೇ ಸಾಕು.

ವಿಧಾನ:
1. ಪಾಟಿಯನ್ನು ನೆಲದ ಮೇಲೆ ಇಡಿ. ನಿಮಗೆ ಹತ್ತಿರವಿರುವ ಅಂಚಿನ ಎಡ ತುದಿಗೆ ಎಡಗೈಯ ಬೆರಳು, ಬಲ ತುದಿಗೆ ಬಲಗೈಯ ಬೆರಳು ಇಡಿ. ಎರಡೂ ಬೆರಳಿನಿಂದ ಸಮನಾಗಿ ಮುಂದಕ್ಕೆ ನೂಕಿ. ಪಾಟಿ ನೇರ ಹೋಗುತ್ತದೆ.
2. ನೂಕುತ್ತಿರುವಾಗಲೇ ಎಡ ಬೆರಳನ್ನು ತೆಗೆಯಿರಿ. ಪಾಟಿ ಎಡಕ್ಕೆ ತಿರುಗುತ್ತದೆ.
3. ಈಗ ಬಲ ಬೆರಳನ್ನು ತುದಿಯಲ್ಲಿ ಇಡದೆ ಅಂಚಿನ ನಡುವಿಗೆ ಹತ್ತಿರ ಇಟ್ಟು ನೂಕಿ. ಪಾಟಿ ತಿರುಗುವುದು ಕಡಿಮೆಯಾಯಿತಲ್ಲವೇ?
4. ಮತ್ತೆ ಬಲ ತುದಿಗೆ ಬೆರಳಿಟ್ಟು ನೂಕಿ. ಅದೇ ಸಮಯಕ್ಕೆ ನಿಮ್ಮ ಗೆಳೆಯ ಅಥವಾ ಗೆಳತಿ ಪಾಟಿಯ ಬಲ ಬದಿಯ ಹಿಂಭಾಗವನ್ನು ಮೆಲ್ಲಗೆ ಎಡಕ್ಕೆ ಒತ್ತಲಿ. ಪಾಟಿಯ ತಿರುಗುವಿಕೆ ನಿಲ್ಲುತ್ತದೆ.

ಏನು ತಿಳಿಯಿತು? ಬಲವು ನಡುಗೆರೆಯಿಂದ ದೂರವಿದ್ದಷ್ಟೂ ಹೆಚ್ಚು ತಿರುಗಿಸುತ್ತದೆ. ಬಾಗಿಲನ್ನು ತಿರುಗಣಿಯ ಹತ್ತಿರ ನೂಕುವುದು ಕಷ್ಟ, ಅಂಚಿನಲ್ಲಿ ನೂಕುವುದು ಸುಲಭ. ಇದಕ್ಕೂ ಕಾರಣ ಅದೇ.

ಕಲಬುರಗಿಗೆ ಬಂದ ಎರಡು ಬಗೆಯ ವಿಮಾನಗಳು

ನಮ್ಮ ಜಿಲ್ಲೆಯ ವಿಮಾನ ನಿಲ್ದಾಣ ಕಲಬುರಗಿಯ ಹತ್ತಿರ ಶ್ರೀನಿವಾಸ ಸರಡಗಿಯಲ್ಲಿದೆ. ಅದು 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಆ ದಿನ ಬೆಂಗಳೂರಿನಿಂದ ಬಂದದ್ದು ಸ್ಟಾರ್ ಏರ್ ಸಂಸ್ಥೆಯ ಎಂಬ್ರೇಯರ್ 145 ವಿಮಾನ. ಅದರ ಎರಡು ಜೆಟ್ ಎಂಜಿನ್‌ಗಳು ಬಾಲದ ಬಳಿ, ವಿಮಾನದ ಮೈಗೆ ಅಂಟಿಕೊಂಡಂತೆ ಇರುತ್ತವೆ. ಬಳಿಕ ಅಲಯನ್ಸ್ ಏರ್ ಸಂಸ್ಥೆಯ ಎಟಿಆರ್ 72 ವಿಮಾನವೂ ಇಲ್ಲಿಗೆ ಬಂದಿತು. ಅದರ ಎಂಜಿನ್‌ಗಳು ರೆಕ್ಕೆಗಳ ಮೇಲೆ, ಮೈಯಿಂದ ದೂರ ಇರುತ್ತವೆ. ಅವು ದೊಡ್ಡ ಪಂಖದಂತಹ ಪ್ರೊಪೆಲ್ಲರ್‌ಗಳನ್ನು ತಿರುಗಿಸುತ್ತವೆ.

ಒಂದು ಎಂಜಿನ್ ನಿಂತರೆ ಇವೆರಡರಲ್ಲಿ ಯಾವುದು ಹೆಚ್ಚು ತಿರುಗಲು ನೋಡುತ್ತದೆ? ಚಟುವಟಿಕೆಯ 2 ಮತ್ತು 3ನೇ ಹಂತಗಳನ್ನು ನೆನಪಿಸಿಕೊಂಡು ನೀವೇ ಹೇಳಿ.

ಪೈಲಟ್ ಕಾಲಿನ ಕೆಲಸ

ವಿಮಾನದ ಬಾಲದ ಮೇಲೆ ನೆಟ್ಟಗೆ ನಿಂತ ಒಂದು ರೆಕ್ಕೆ ಇರುತ್ತದೆ. ಅದರ ಹಿಂಭಾಗದಲ್ಲಿ ಬಾಗಿಲಿನಂತೆ ಅತ್ತಿತ್ತ ತಿರುಗುವ ಹಲಗೆಯೇ ಚುಕ್ಕಾಣಿ. ಪೈಲಟ್‌ಗಳು ಇದನ್ನು ರಡ್ಡರ್ ಎನ್ನುತ್ತಾರೆ. ಇದನ್ನು ಕಾಲಿನಿಂದ ನಡೆಸುತ್ತಾರೆ. ಬಲಗಾಲಿನ ಪೆಡಲ್ ಒತ್ತಿದರೆ ಚುಕ್ಕಾಣಿ ಬಲಕ್ಕೆ ತಿರುಗುತ್ತದೆ. ಅದಕ್ಕೆ ಬಡಿಯುವ ಗಾಳಿ ಬಾಲವನ್ನು ಎಡಕ್ಕೆ ನೂಕುತ್ತದೆ. ಬಾಲ ಎಡಕ್ಕೆ ಹೋದರೆ ಮೂತಿ ಬಲಕ್ಕೆ ಬರುತ್ತದೆ. ಪಾಟಿಯ ಹಿಂಭಾಗವನ್ನು ನಿಮ್ಮ ಗೆಳೆಯ ಒತ್ತಿದ್ದು ಇದೇ ಕೆಲಸ.

ಹಾಗಾದರೆ ಎಡ ಎಂಜಿನ್ ನಿಂತಾಗ ಯಾವ ಕಾಲು ಒತ್ತಬೇಕು? ಬಲಗಾಲು. ಆಗ ಎಡಗಾಲಿಗೆ ಕೆಲಸವಿಲ್ಲ. ಅದಕ್ಕೇ ಪೈಲಟ್‌ಗಳು ತರಬೇತಿಯಲ್ಲಿ ಒಂದು ಸೂತ್ರ ಕಲಿಯುತ್ತಾರೆ: ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ನಿಂತಿದೆ.

ಇಲ್ಲಿ ಇನ್ನೊಂದು ತೊಂದರೆಯೂ ಇದೆ. ಮೂತಿ ಎಡಕ್ಕೆ ತಿರುಗುವಾಗ ಬಲ ರೆಕ್ಕೆ ವೇಗವಾಗಿ ಮುಂದೆ ಹೋಗುತ್ತದೆ, ಎಡ ರೆಕ್ಕೆ ಹಿಂದೆ ಬೀಳುತ್ತದೆ. ವೇಗವಾಗಿ ಹೋಗುವ ರೆಕ್ಕೆಗೆ ಎತ್ತುವ ಬಲ ಹೆಚ್ಚು. ಹೀಗಾಗಿ ಬಲ ರೆಕ್ಕೆ ಮೇಲೇಳುತ್ತದೆ, ಎಡ ರೆಕ್ಕೆ ಕೆಳಗಿಳಿಯುತ್ತದೆ. ವಿಮಾನ ವಾಲುತ್ತದೆ. ಅದನ್ನು ಸರಿಪಡಿಸಲು ರೆಕ್ಕೆಗಳ ಹಿಂದಿನ ಅಂಚಿನಲ್ಲಿ ಐಲೆರಾನ್ ಎಂಬ ಚಿಕ್ಕ ಹಲಗೆಗಳಿವೆ. ಅವುಗಳನ್ನು ಕೈಯಿಂದ ನಡೆಸುತ್ತಾರೆ. ಕಾಲು ತಡವಾದರೆ ಕೈಗೆ ಕೆಲಸ ಹೆಚ್ಚುತ್ತದೆ.

ಓಡುಹಾದಿಯ ಮೇಲಿನ ನಿರ್ಧಾರ

ಎಂಜಿನ್ ನಿಲ್ಲಬಾರದ ಸಮಯ ಯಾವುದು? ವಿಮಾನ ನೆಲ ಬಿಟ್ಟು ಏಳುವ ಸಮಯ. ಆಗ ವೇಗ ಕಡಿಮೆ, ಎತ್ತರವಿಲ್ಲ. ಉಳಿದ ಎಂಜಿನ್ ಪೂರ್ಣ ಶಕ್ತಿಯಿಂದ ನೂಕುತ್ತಿರುತ್ತದೆ. ಆದ್ದರಿಂದ ತಿರುಗಿಸುವ ಬಲವೂ ಬಹಳ ಹೆಚ್ಚು.

ಇದಕ್ಕಾಗಿ ಪ್ರತಿ ಹಾರಾಟಕ್ಕೂ ಮೊದಲೇ ಒಂದು ವೇಗವನ್ನು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತಾರೆ. ಅದನ್ನು ನಿರ್ಧಾರದ ವೇಗ ಎನ್ನೋಣ. ಆ ವೇಗ ಮುಟ್ಟುವ ಮೊದಲು ಎಂಜಿನ್ ಕೆಟ್ಟರೆ ಬ್ರೇಕ್ ಹಾಕಿ ನಿಲ್ಲಿಸಬೇಕು. ಆ ವೇಗ ದಾಟಿದ ಮೇಲೆ ಕೆಟ್ಟರೆ ನಿಲ್ಲಿಸಲು ಹೋಗಬಾರದು, ಉಳಿದ ಹಾದಿ ಸಾಲುವುದಿಲ್ಲ. ಒಂದೇ ಎಂಜಿನ್‌ನಿಂದ ಮೇಲೇಳಬೇಕು.

ಹೀಗೆ ಎದ್ದ ಎರಡು ಎಂಜಿನ್‌ಗಳ ವಿಮಾನ ಚಕ್ರಗಳನ್ನು ಒಳಗೆಳೆದುಕೊಂಡ ಮೇಲೆ ಪ್ರತಿ 100 ಮೀಟರ್ ಮುಂದೆ ಹೋಗುವಾಗ ಕನಿಷ್ಠ 2.4 ಮೀಟರ್ ಮೇಲೇರಲು ಶಕ್ತವಾಗಿರಬೇಕು ಎಂಬ ನಿಯಮವಿದೆ. ಇದನ್ನು ಪರೀಕ್ಷೆ ಮಾಡಿ ತೋರಿಸದ ವಿಮಾನಕ್ಕೆ ಪ್ರಯಾಣಿಕರನ್ನು ಒಯ್ಯಲು ಪರವಾನಗಿ ಸಿಗುವುದಿಲ್ಲ.

ನಮ್ಮ ಭಾಗದ ಬೇಸಿಗೆಯೂ ಈ ಲೆಕ್ಕದಲ್ಲಿ ಸೇರುತ್ತದೆ. ಬಿಸಿಯಾದ ಗಾಳಿ ತೆಳುವಾಗಿರುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಯ ಎತ್ತುವ ಬಲ ಕಡಿಮೆ, ಎಂಜಿನ್ನಿನ ನೂಕುಬಲವೂ ಕಡಿಮೆ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ 40 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಲಿರುತ್ತದೆ. ಅಂತಹ ದಿನ ವಿಮಾನಕ್ಕೆ ಓಡಲು ಹೆಚ್ಚು ಹಾದಿ ಬೇಕು, ಇಲ್ಲವೇ ಹೊರೆ ಕಡಿಮೆ ಮಾಡಬೇಕು. ಕಲಬುರಗಿಯ ಓಡುಹಾದಿ 3 ಕಿ.ಮೀ.ಗಿಂತ ಉದ್ದವಾಗಿದೆ.

ತಂತಿಯಿಂದ ಕಂಪ್ಯೂಟರ್‌ವರೆಗೆ

ಹಿಂದಿನ ವಿಮಾನಗಳಲ್ಲಿ ಪೆಡಲ್‌ನಿಂದ ಚುಕ್ಕಾಣಿಯವರೆಗೆ ಉಕ್ಕಿನ ತಂತಿ ಎಳೆದಿರುತ್ತಿದ್ದರು. ಬಾವಿಯ ಗಡಗಡಿಯಂತೆ ರಾಟೆಗಳ ಮೇಲೆ ಅದು ಓಡುತ್ತಿತ್ತು. ಪೈಲಟ್ ಕಾಲಿನ ಬಲವೇ ಚುಕ್ಕಾಣಿಯನ್ನು ತಿರುಗಿಸಬೇಕಿತ್ತು. ವಿಮಾನಗಳು ದೊಡ್ಡದಾದಂತೆ ಕಾಲಿನ ಬಲ ಸಾಲದಾಯಿತು. ಆಗ ಎಣ್ಣೆಯ ಒತ್ತಡ ಸಹಾಯಕ್ಕೆ ಬಂತು. ಜೆಸಿಬಿ ಯಂತ್ರದ ಉದ್ದನೆಯ ಕೈ ಏಳುವುದನ್ನು ನೋಡಿದ್ದೀರಲ್ಲ, ಅದೂ ಎಣ್ಣೆಯ ಒತ್ತಡದ್ದೇ ಕೆಲಸ.

ಮೂರನೆಯ ಹಂತದಲ್ಲಿ ಕಂಪ್ಯೂಟರ್ ಬಂದಿತು. ಪೈಲಟ್ ಕೈಯ ಚಲನೆ ವಿದ್ಯುತ್ ಸಂಕೇತವಾಗಿ ಕಂಪ್ಯೂಟರ್‌ಗೆ ಹೋಗುತ್ತದೆ. ಕಂಪ್ಯೂಟರ್ ವಿಮಾನದ ವೇಗ, ವಾಲಿಕೆ ಎಲ್ಲವನ್ನೂ ಅಳೆದು ಯಾವ ಹಲಗೆಯನ್ನು ಎಷ್ಟು ತಿರುಗಿಸಬೇಕು ಎಂದು ಲೆಕ್ಕ ಮಾಡುತ್ತದೆ. ಈ ಬಗೆಯ ಡಿಜಿಟಲ್ ನಿಯಂತ್ರಣ ಪ್ರಯಾಣಿಕರ ವಿಮಾನಗಳಲ್ಲಿ ಮೊದಲು ಬಂದದ್ದು ಏರ್‌ಬಸ್ ಎ320ರಲ್ಲಿ. ಅದು 1988ರಲ್ಲಿ ಸೇವೆಗೆ ಬಂದಿತು.

ಈ ವಿದ್ಯೆಯನ್ನು ನಮ್ಮ ರಾಜ್ಯದಲ್ಲಿಯೂ ಸಾಧಿಸಿದ್ದಾರೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಹಗುರ ಯುದ್ಧವಿಮಾನಕ್ಕೆ, ಅಂದರೆ ಇಂದಿನ ತೇಜಸ್‌ಗೆ, ಇಂತಹ ನಿಯಂತ್ರಣವಿದೆ. ಅದರ ಲೆಕ್ಕದ ಸೂತ್ರಗಳನ್ನು ಸಿದ್ಧಪಡಿಸಿದ ತಂಡ ಕೆಲಸ ಮಾಡಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ. ಇದನ್ನು ಎನ್.ಎ.ಎಲ್. ಎಂದು ಕರೆಯುತ್ತಾರೆ. ತೇಜಸ್‌ನಲ್ಲಿ ಒಂದೇ ಲೆಕ್ಕವನ್ನು ನಾಲ್ಕು ಕಡೆ ಒಟ್ಟಿಗೆ ಮಾಡಲಾಗುತ್ತದೆ. ತರಗತಿಯಲ್ಲಿ ನಾಲ್ವರು ಒಂದೇ ಲೆಕ್ಕ ಮಾಡಿ ಉತ್ತರ ಹೋಲಿಸಿದಂತೆ. ಒಂದರ ಉತ್ತರ ಬೇರೆಯಾದರೆ ಅದನ್ನು ಬಿಟ್ಟು ಉಳಿದವುಗಳ ಮಾತನ್ನು ನಂಬುತ್ತದೆ.

ಎಂಜಿನ್ ನಿಂತಾಗ ಸಹಾಯಕ್ಕೆ ಬರುವವರು

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೊಂದು ವಿಮಾನದಲ್ಲಿ ಸಹಾಯ ಒಂದೊಂದು ಬಗೆಯಾಗಿದೆ.

ಏರ್‌ಬಸ್ ಎ320: ಹಾರುವಾಗ ಒಂದು ಎಂಜಿನ್ ನಿಂತು, ಪೈಲಟ್ ಕೋಲನ್ನು ಮುಟ್ಟದೆ ಬಿಟ್ಟರೂ ಈ ವಿಮಾನ ಮಗುಚುವುದಿಲ್ಲ. ಕಂಪ್ಯೂಟರ್ ಅದನ್ನು ಹಿಡಿದುಕೊಳ್ಳುತ್ತದೆ. ವಿಮಾನ ಸುಮಾರು 5 ಡಿಗ್ರಿಯಷ್ಟು ಮಾತ್ರ ವಾಲಿ, ನಿಧಾನವಾಗಿ ಒಂದು ಕಡೆಗೆ ತಿರುಗುತ್ತ ಸಾಗುತ್ತದೆ. ಹಾಗೆಂದು ಕಾಲಿನ ಕೆಲಸ ತಪ್ಪಿಲ್ಲ. ಮೇಲೇಳುವಾಗ ಎಂಜಿನ್ ನಿಂತರೆ ಪೈಲಟ್ ಮುಂದಿನ ಪರದೆಯಲ್ಲಿ ನೀಲಿ ಗುರುತೊಂದು ಮೂಡುತ್ತದೆ. ಅದು ನಡುವಿಗೆ ಬರುವವರೆಗೆ ಪೆಡಲ್ ಒತ್ತಬೇಕು. ಎಷ್ಟು ಒತ್ತಬೇಕು ಎಂಬುದನ್ನು ಕಂಪ್ಯೂಟರ್ ತೋರಿಸುತ್ತದೆ, ಪೈಲಟ್ ಒತ್ತುತ್ತಾರೆ.

ಬೋಯಿಂಗ್ 777: ಇದರ ಎರಡು ಎಂಜಿನ್‌ಗಳು ಭಾರಿ ಗಾತ್ರದವು. ಇಲ್ಲಿ ಕಂಪ್ಯೂಟರ್ ಎರಡೂ ಎಂಜಿನ್‌ಗಳ ನೂಕುಬಲವನ್ನು ಬಿಡದೆ ಹೋಲಿಸುತ್ತಿರುತ್ತದೆ. ವ್ಯತ್ಯಾಸ ನೂರಕ್ಕೆ 10ರಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ತಾನಾಗಿಯೇ ಚುಕ್ಕಾಣಿಯನ್ನು ತಿರುಗಿಸುತ್ತದೆ. ಆಗ ಪೈಲಟ್ ಕಾಲ ಕೆಳಗಿನ ಪೆಡಲ್ ಕೂಡ ಚಲಿಸುತ್ತದೆ. ಇದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಇನ್ನೂ ಒಂದು ವಿಶೇಷವಿದೆ. ಕಂಪ್ಯೂಟರ್ ಆ ತಿರುಗುವಿಕೆಯನ್ನು ಪೂರ್ತಿ ಅಳಿಸಿಹಾಕುವುದಿಲ್ಲ. ಎಂಜಿನ್ ನಿಂತಿದೆ ಎಂಬುದು ಪೈಲಟ್‌ಗೆ ಮೈಯಲ್ಲೇ ಗೊತ್ತಾಗುವಷ್ಟು ಸ್ವಲ್ಪ ಉಳಿಸುತ್ತದೆ.

ಏಕೆ ಹೀಗೆ? ಮನೆಯಲ್ಲಿ ನೀರಿನ ಕೊಡ ಸೋರುತ್ತಿದೆ ಎಂದುಕೊಳ್ಳಿ. ನಿಮ್ಮ ತಮ್ಮ ಯಾರಿಗೂ ಹೇಳದೆ ಕೆಳಗಿನ ನೆಲವನ್ನು ಒರೆಸುತ್ತಲೇ ಇದ್ದರೆ ಕೊಡ ಸೋರುವುದು ನಿಮಗೆ ತಿಳಿಯುವುದೇ ಇಲ್ಲ. ಒಳ್ಳೆಯ ಸಹಾಯಕ ಕೆಲಸವನ್ನೂ ಮಾಡಬೇಕು, ತೊಂದರೆಯನ್ನೂ ತಿಳಿಸಬೇಕು.

ಎಂಜಿನ್‌ಗಳಿಂದ ಬರುವ ಮಾಹಿತಿಯನ್ನು ನಂಬುವಂತಿಲ್ಲ ಎಂದಾದರೆ ಈ ವ್ಯವಸ್ಥೆ ಕೆಲಸ ನಿಲ್ಲಿಸುತ್ತದೆ. ಆಗ ಪೈಲಟ್‌ಗಳು ಹಿಂದಿನ ಕಾಲದವರಂತೆ ತಮ್ಮ ಕಾಲಿನಿಂದಲೇ ಒತ್ತಬೇಕು. ಆದ್ದರಿಂದ ಅದನ್ನೂ ಅಭ್ಯಾಸ ಮಾಡಿರುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿಯಾಗಿ ಬೆಂಗಳೂರಿಗೆ ಬಂದಿಳಿಯಿತು. ಅದನ್ನು ನಡೆಸಿದ ಪೈಲಟ್‌ಗಳೆಲ್ಲರೂ ಮಹಿಳೆಯರು. ಮುಖ್ಯ ಪೈಲಟ್ ಜೋಯಾ ಅಗರ್‌ವಾಲ್.

ಎಟಿಆರ್ 72: ಪ್ರೊಪೆಲ್ಲರ್ ಇರುವ ವಿಮಾನಕ್ಕೆ ಇನ್ನೊಂದು ಕಷ್ಟವಿದೆ. ರಾಶಿ ತೂರುವಾಗ ಮೊರವನ್ನು ಗಾಳಿಗೆ ಅಗಲವಾಗಿ ಹಿಡಿದು ನೋಡಿ. ಗಾಳಿ ಅದನ್ನು ಹಿಂದಕ್ಕೆ ನೂಕುತ್ತದೆ. ಅಂಚನ್ನು ಗಾಳಿಗೆ ಹಿಡಿದರೆ ಹಗುರವೆನಿಸುತ್ತದೆ. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಅಗಲವಾಗಿ ಹಿಡಿದ ಮೊರದಂತೆ ಗಾಳಿಯನ್ನು ತಡೆಯುತ್ತದೆ. ಬಂಡಿಯ ದಣಿದ ಎತ್ತು ಎಳೆಯದೆ ನಿಂತದ್ದಲ್ಲದೆ ಹಿಂದಕ್ಕೂ ಜಗ್ಗಿದಂತೆ! ಆದ್ದರಿಂದ ಮೇಲೇಳುವಾಗ ಎಂಜಿನ್ ನಿಂತರೆ ಅದರ ಪ್ರೊಪೆಲ್ಲರ್ ಎಲೆಗಳು ತಾವಾಗಿಯೇ ತಿರುಗಿ ಗಾಳಿಗೆ ಅಂಚು ಕೊಡುತ್ತವೆ. ಜೊತೆಗೆ ಇನ್ನೊಂದು ಎಂಜಿನ್ನಿನ ಶಕ್ತಿ ತಾನಾಗಿಯೇ ಹೆಚ್ಚುತ್ತದೆ. ಪೈಲಟ್ ಕೈ ಹಾಕುವ ಮೊದಲೇ ಈ ಎರಡೂ ಕೆಲಸ ಆಗಿರುತ್ತವೆ.

ಸಹಾಯವಿದ್ದೂ ನಡೆದ ಅಪಘಾತ

ಇಷ್ಟೆಲ್ಲ ಯಂತ್ರಗಳಿದ್ದರೆ ಮನುಷ್ಯರು ಏಕೆ ಬೇಕು ಎಂದು ನೀವು ಕೇಳಬಹುದು. 2015ರ ಫೆಬ್ರವರಿ 4ರಂದು ತೈವಾನ್ ದೇಶದ ತೈಪೆ ನಗರದಲ್ಲಿ ನಡೆದ ಒಂದು ಅಪಘಾತ ಇದಕ್ಕೆ ಉತ್ತರ ಹೇಳುತ್ತದೆ.

ಟ್ರಾನ್ಸ್‌ಏಷ್ಯಾ ಸಂಸ್ಥೆಯ ಎಟಿಆರ್ 72 ವಿಮಾನ 58 ಜನರೊಂದಿಗೆ ಮೇಲೇಳುತ್ತಿತ್ತು. ಒಂದು ವಿದ್ಯುತ್ ಜೋಡಣೆಯ ದೋಷದಿಂದ ತಪ್ಪು ಸಂಕೇತ ಹೊರಟು ಬಲಗಡೆಯ ಪ್ರೊಪೆಲ್ಲರ್ ಗಾಳಿಗೆ ಅಂಚು ಕೊಟ್ಟುಬಿಟ್ಟಿತು. ಬಲಗಡೆಯ ನೂಕುಬಲ ಇಲ್ಲದಾಯಿತು. ಎಡ ಎಂಜಿನ್ ಚೆನ್ನಾಗಿತ್ತು. ಅದೊಂದರಿಂದಲೇ ವಿಮಾನ ಹಾರಬಹುದಾಗಿತ್ತು. ಆದರೆ ಗಾಬರಿಯಲ್ಲಿ ಪೈಲಟ್ ಎಡಗಡೆಯ ಸನ್ನೆಯನ್ನು ಹಿಂದಕ್ಕೆ ಎಳೆದರು. ಚೆನ್ನಾಗಿದ್ದ ಎಂಜಿನ್ ನಿಂತಿತು. ಸುಮಾರು ಎರಡು ನಿಮಿಷದೊಳಗೆ ವಿಮಾನ ನದಿಗೆ ಬಿತ್ತು. 43 ಜನ ತೀರಿಕೊಂಡರು.

ಇದರಲ್ಲಿ ಎರಡು ಪಾಠಗಳಿವೆ. ಯಂತ್ರವೂ ತಪ್ಪು ಮಾಡಬಹುದು. ಅದನ್ನು ತಿದ್ದಬೇಕಾದ ಮನುಷ್ಯರು ಆತುರಪಟ್ಟರೆ ಚಿಕ್ಕ ತಪ್ಪು ದೊಡ್ಡದಾಗುತ್ತದೆ. ಆದ್ದರಿಂದ ಎಂಜಿನ್ ನಿಲ್ಲಿಸುವ ಕೆಲಸವನ್ನು ಒಬ್ಬರೇ ಮಾಡಬಾರದೆಂಬ ಕ್ರಮವಿದೆ. ಒಬ್ಬ ಪೈಲಟ್ ಸನ್ನೆಯ ಮೇಲೆ ಕೈಯಿಟ್ಟು ಅದು ಯಾವ ಎಂಜಿನ್ನಿನದು ಎಂದು ಹೇಳಬೇಕು. ಇನ್ನೊಬ್ಬರು ನೋಡಿ ಹೌದು ಎನ್ನಬೇಕು. ಆಮೇಲೆಯೇ ಎಳೆಯಬೇಕು. ಮೊದಲು ವಿಮಾನವನ್ನು ನೇರ ಹಾರಿಸುವುದು, ಆಮೇಲೆ ಯಾವ ಎಂಜಿನ್ ಎಂದು ಗುರುತಿಸುವುದು, ಕೊನೆಗೆ ಅದನ್ನು ನಿಲ್ಲಿಸುವುದು. ಇದೇ ಕ್ರಮ.

ಇದನ್ನು ನಿಜವಾದ ವಿಮಾನದಂತೆಯೇ ಅಲುಗಾಡುವ ಸಿಮ್ಯುಲೇಟರ್ ಎಂಬ ಕೋಣೆಯಲ್ಲಿ ಪೈಲಟ್‌ಗಳು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ಇಡೀ ವೃತ್ತಿಯಲ್ಲಿ ಒಮ್ಮೆಯೂ ಎಂಜಿನ್ ಕೆಡದ ಪೈಲಟ್‌ಗಳೂ ಇದ್ದಾರೆ. ಆದರೆ ಅಭ್ಯಾಸವನ್ನು ಬಿಡುವಂತಿಲ್ಲ.

ಬೆಂಗಳೂರಿನ ಸರಸ್

ಎಂಜಿನ್ ನಿಂತರೆ ವಿಮಾನ ಹೇಗೆ ವರ್ತಿಸುತ್ತದೆ ಎಂಬುದನ್ನು ಯಾರಾದರೂ ಮೊದಲು ಹಾರಿ ನೋಡಲೇಬೇಕು. ಈ ಕೆಲಸ ಮಾಡುವವರು ಪರೀಕ್ಷಾ ಪೈಲಟ್‌ಗಳು. ಬೆಂಗಳೂರಿನ ಎನ್.ಎ.ಎಲ್. ಸರಸ್ ಎಂಬ ಎರಡು ಎಂಜಿನ್‌ಗಳ ಚಿಕ್ಕ ವಿಮಾನವನ್ನು ರೂಪಿಸಿತು. ಅದು ಮೊದಲು ಹಾರಿದ್ದು 2004ರ ಮೇ 29ರಂದು. ಅದರ ಪ್ರೊಪೆಲ್ಲರ್‌ಗಳು ವಿಮಾನದ ಹಿಂಭಾಗದಲ್ಲಿದ್ದು ಹಿಂದಿನಿಂದ ನೂಕುತ್ತವೆ.

2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿ ಪರೀಕ್ಷೆಗಾಗಿ ಹಾರಿತು. ಅಂದಿನ ಪರೀಕ್ಷೆ ಹಾರುತ್ತಿರುವಾಗಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವುದು. ಆ ಸಮಯದಲ್ಲಿ ವಿಮಾನ ಹಿಡಿತ ತಪ್ಪಿ ಬಿಡದಿಯ ಹತ್ತಿರ ಬಿದ್ದಿತು. ಅದರಲ್ಲಿದ್ದ ವಾಯುಪಡೆಯ ಮೂವರು ಅಧಿಕಾರಿಗಳೂ ಪ್ರಾಣ ಕಳೆದುಕೊಂಡರು. ಎಂಜಿನ್ ಮತ್ತೆ ಹೊತ್ತಿಸಲು ಬರೆದಿಟ್ಟಿದ್ದ ಕ್ರಮವೇ ಸರಿಯಾಗಿರಲಿಲ್ಲ, ಆ ಪರೀಕ್ಷೆಗೆ ಬೇಕಾದಷ್ಟು ಎತ್ತರವೂ ಇರಲಿಲ್ಲ ಎಂದು ತನಿಖೆಯಿಂದ ತಿಳಿಯಿತು. ವಿಜ್ಞಾನಿಗಳು ಕೆಲಸ ಬಿಡಲಿಲ್ಲ. ತಪ್ಪುಗಳನ್ನು ತಿದ್ದಿ, ವಿಮಾನವನ್ನು ಸುಧಾರಿಸಿ 2018ರ ಜನವರಿ 24ರಂದು ಬೆಂಗಳೂರಿನಲ್ಲಿ ಸರಸ್ ಅನ್ನು ಮತ್ತೆ ಹಾರಿಸಿದರು.

ಪ್ರಯಾಣಿಕರು ಇಂದು ನಿಶ್ಚಿಂತೆಯಿಂದ ವಿಮಾನದಲ್ಲಿ ಕೂರುವುದರ ಹಿಂದೆ ಇಂತಹ ಅನೇಕರ ಶ್ರಮವಿದೆ, ತ್ಯಾಗವಿದೆ.

ನಿಮಗೆ ಗೊತ್ತೆ?

2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಎ320 ವಿಮಾನವೊಂದಕ್ಕೆ ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್‌ಗಳ ಶಕ್ತಿ ಹೋಯಿತು. ಪೈಲಟ್ ಅದನ್ನು ಹಡ್ಸನ್ ನದಿಯ ನೀರಿನ ಮೇಲೆ ಇಳಿಸಿದರು. ಮೂತಿಯನ್ನು ಅತಿಯಾಗಿ ಎತ್ತಿ ರೆಕ್ಕೆಯ ಎತ್ತುವ ಬಲ ಕಳೆದುಹೋಗದಂತೆ ಕಂಪ್ಯೂಟರ್ ಕಾಯುತ್ತಿತ್ತು. ಆದರೆ ನದಿಯಲ್ಲಿ ಇಳಿಸುವ ನಿರ್ಧಾರ ಪೈಲಟ್‌ದು. ಅದರಲ್ಲಿದ್ದ 155 ಜನರೂ ಬದುಕಿದರು.

ಚಟುವಟಿಕೆ 2: ಕಾಗದದ ವಿಮಾನದ ಚುಕ್ಕಾಣಿ

ನೀವು ಎಂದಿನಂತೆ ಮಾಡುವ ಕಾಗದದ ವಿಮಾನವನ್ನು ಮಾಡಿ. ಕೈಯಲ್ಲಿ ಹಿಡಿಯುವ ಕೆಳಗಿನ ಮಡಿಕೆಯ ಹಿಂದಿನ ತುದಿಯನ್ನು ಸ್ವಲ್ಪ ಬಲಕ್ಕೆ ಬಾಗಿಸಿ ಹಾರಿಸಿ. ಆಮೇಲೆ ಎಡಕ್ಕೆ ಬಾಗಿಸಿ ಹಾರಿಸಿ. ಪ್ರತಿ ಸಲವೂ ವಿಮಾನ ಯಾವ ಕಡೆಗೆ ತಿರುಗಿತು ಎಂದು ಬರೆದುಕೊಳ್ಳಿ. ಒಮ್ಮೆ ಮಾಡಿ ಬಿಡಬೇಡಿ, ಐದೈದು ಸಲ ಮಾಡಿ. ಗಾಳಿ ಬೀಸದ ಕೋಣೆಯೊಳಗೆ ಮಾಡಿದರೆ ಒಳ್ಳೆಯದು.

ನೆನಪಿಡಿ

• ಒಂದು ಎಂಜಿನ್ ನಿಂತರೆ ವಿಮಾನ ಬೀಳುವುದಿಲ್ಲ, ನಿಂತ ಎಂಜಿನ್ ಕಡೆಗೆ ತಿರುಗುತ್ತದೆ.
• ತಿರುಗುವುದನ್ನು ಬಾಲದ ಚುಕ್ಕಾಣಿ ತಡೆಯುತ್ತದೆ.
• ಕಂಪ್ಯೂಟರ್ ಕೈಕಾಲುಗಳ ಕೆಲಸವನ್ನು ಬೇಗ ಮಾಡಿಕೊಡುತ್ತದೆ. ಏನಾಗಿದೆ ಎಂದು ತಿಳಿದು ನಿರ್ಧರಿಸುವುದು ಪೈಲಟ್‌ಗಳ ಕೆಲಸ.

ಪ್ರಶ್ನೆಗಳು

1. ಬಲ ಎಂಜಿನ್ ನಿಂತರೆ ವಿಮಾನದ ಮೂತಿ ಯಾವ ಕಡೆ ತಿರುಗುತ್ತದೆ? ಪೈಲಟ್ ಯಾವ ಪೆಡಲ್ ಒತ್ತಬೇಕು?
2. ನಿಂತ ಪ್ರೊಪೆಲ್ಲರ್‌ನ ಎಲೆಗಳು ಗಾಳಿಗೆ ಅಂಚು ಕೊಡುವಂತೆ ತಿರುಗುವುದು ಏಕೆ?
3. ಪ್ರತಿ 100 ಮೀಟರ್‌ಗೆ 2.4 ಮೀಟರ್ ಏರುವ ವಿಮಾನ 5 ಕಿ.ಮೀ. ಮುಂದೆ ಹೋದಾಗ ಎಷ್ಟು ಎತ್ತರ ಏರಿರುತ್ತದೆ?
4. ಬೋಯಿಂಗ್ 777ರ ಕಂಪ್ಯೂಟರ್ ಚುಕ್ಕಾಣಿ ತಿರುಗಿಸುವಾಗ ಪೆಡಲ್ ಕೂಡ ಚಲಿಸುವಂತೆ ಏಕೆ ಮಾಡಿದ್ದಾರೆ? ನಿಮ್ಮ ಮಾತಿನಲ್ಲಿ ಬರೆಯಿರಿ.

ಶಿಕ್ಷಕರಿಗೆ

ಪಾಟಿಯ ಚಟುವಟಿಕೆಯನ್ನು ಮೊದಲು ಮಾಡಿಸಿ, ಆಮೇಲೆ ಪಾಠ ಓದಿಸಿದರೆ ಮಕ್ಕಳಿಗೆ ಸುಲಭವಾಗುತ್ತದೆ. ಮನೆಯಲ್ಲಿ ಬಂಡಿ ಹೊಡೆಯುವ ಹಿರಿಯರಿದ್ದರೆ ಒಂದು ಎತ್ತು ದಣಿದಾಗ ಏನು ಮಾಡುತ್ತೀರಿ ಎಂದು ಕೇಳಿಕೊಂಡು ಬರಲು ಹೇಳಿ. ಮರುದಿನ ಆ ಉತ್ತರಗಳನ್ನು ಪೈಲಟ್ ಮಾಡುವ ಕೆಲಸದೊಂದಿಗೆ ಹೋಲಿಸಿ ಚರ್ಚಿಸಿ. ಮೂರನೆಯ ಪ್ರಶ್ನೆಯ ಉತ್ತರ 120 ಮೀಟರ್.